ಜಾಂಬಿಯದ ಬಾನುಲಿ: ಭಾಷೆಗಳ ಆಯ್ಕೆಯೂ ಕೇಳುಗರ ವಿಶ್ವಾಸವೂ

೧

ಹಲವು ಭಾಷೆಗಳ ನಾಡಿನಲ್ಲಿ ಸರ್ಕಾರವು ಬಾನುಲಿ ನಿಲಯವೊಂದನ್ನು ಸ್ಥಾಪಿಸಿದಾಗ ಮೊತ್ತಮೊದಲು ಏಳುವ ಪ್ರಶ್ನೆಯೆಂದರೆ, ಅದು ಯಾವ ಯಾವ ಭಾಷೆಗಳಲ್ಲಿ ಮಾತನಾಡಬೇಕು ಎಂಬುದು. ಮೇಲ್ನೋಟಕ್ಕೆ ಇದು ವೇಳಾಪಟ್ಟಿಯ ಪ್ರಶ್ನೆಯಂತೆ ತೋರುತ್ತದೆ. ದಿನಕ್ಕಿರುವ ಗಂಟೆಗಳು ಇಷ್ಟು, ಭಾಷೆಗಳು ಇಷ್ಟು; ಭಾಗಿಸಿ ಹಂಚಿದರಾಯಿತು ಎಂದು ಯಾರಾದರೂ ಹೇಳಿಯಾರು. ಆದರೆ ಚರಿತ್ರೆಯಲ್ಲಿ ಈ ಹಂಚಿಕೆ ಎಲ್ಲಿಯೂ ಅಷ್ಟು ಸುಲಭವಾಗಿ ನಡೆದುದಿಲ್ಲ. ಬಾನುಲಿಯಲ್ಲಿ ಸ್ಥಾನ ಪಡೆದ ಭಾಷೆಗೆ ಒಂದು ಬಗೆಯ ಅಧಿಕಾರಮುದ್ರೆ ಬೀಳುತ್ತದೆ. ಸ್ಥಾನ ಪಡೆಯದ ಭಾಷೆ ಮನೆಯ ಮಾತಾಗಿ ಉಳಿಯುತ್ತದೆ.

ಈ ಪ್ರಬಂಧದಲ್ಲಿ ನಾವು ಆಫ್ರಿಕ ಖಂಡದ ದಕ್ಷಿಣ ಮಧ್ಯಭಾಗದಲ್ಲಿರುವ ಜಾಂಬಿಯ ದೇಶದ ಬಾನುಲಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಆಫ್ರಿಕದ ಜನರಿಗಾಗಿ ಅವರ ಭಾಷೆಗಳಲ್ಲಿಯೇ ಮಾತನಾಡಲು ಮೀಸಲಾದ ಮೊದಲ ನಿಲಯಗಳ ಸಾಲಿನಲ್ಲಿ ಆ ದೇಶದ ಲುಸಾಕ ನಿಲಯಕ್ಕೆ ವಿಶೇಷ ಸ್ಥಾನವಿದೆ. ನಮ್ಮ ಪ್ರತಿಪಾದನೆಯು ಎರಡು ಭಾಗವುಳ್ಳದ್ದು. ಬಾನುಲಿಯ ಭಾಷೆಗಳ ಪಟ್ಟಿಯು ಜನಸಂಖ್ಯೆಯ ಲೆಕ್ಕದಿಂದ ಹುಟ್ಟಿದುದಕ್ಕಿಂತ ಹೆಚ್ಚಾಗಿ ಅದಕ್ಕೂ ಹಿಂದಿನ ಪಾದ್ರಿಗಳ ಮುದ್ರಣಾಲಯಗಳಿಂದಲೂ ಶಾಲೆಗಳಿಂದಲೂ ಬಂದ ಆಸ್ತಿಯಾಗಿದ್ದಿತೆಂಬುದು ಮೊದಲನೆಯದು. ಕೇಳುಗನ ಭಾಷೆಯನ್ನಾಡುವುದರಿಂದ ಅವನ ಕಿವಿಯನ್ನು ಗೆಲ್ಲಬಹುದಾದರೂ, ಅಷ್ಟರಿಂದಲೇ ಅವನ ವಿಶ್ವಾಸವನ್ನು ಉಳಿಸಿಕೊಳ್ಳಲಾಗದು ಎಂಬುದು ಎರಡನೆಯದು.

೨

ಜಾಂಬಿಯದ ವಿಸ್ತೀರ್ಣ ಸುಮಾರು ೭,೫೨,೦೦೦ ಚದರ ಕಿಲೋಮೀಟರು. ಸ್ವಾತಂತ್ರ್ಯ ಬಂದ ೧೯೬೪ರ ಹೊತ್ತಿಗೆ ಅಲ್ಲಿದ್ದ ಜನಸಂಖ್ಯೆ ಸುಮಾರು ೩೫ ಲಕ್ಷ ಮಾತ್ರ. ಅದಕ್ಕೆ ಮುಂಚೆ ಅದರ ಹೆಸರು ಉತ್ತರ ರೊಡೀಷಿಯ. ಮೊದಲು ಬ್ರಿಟಿಷ್ ಸೌತ್ ಆಫ್ರಿಕ ಕಂಪನಿಯ ಕೈಯಲ್ಲಿದ್ದು, ೧೯೨೪ರಲ್ಲಿ ಬ್ರಿಟನ್ನಿನ ವಸಾಹತು ಕಚೇರಿಯ ನೇರ ಆಡಳಿತಕ್ಕೆ ಬಂದಿತು. ಅಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಬುಡಕಟ್ಟುಗಳಿವೆಯೆಂಬುದು ಆ ದೇಶದಲ್ಲಿ ರೂಢಿಯಾಗಿರುವ ಲೆಕ್ಕ. ಉಪಭಾಷೆಗಳನ್ನು ಒಟ್ಟುಗೂಡಿಸಿ ನೋಡುವ ಭಾಷಾಶಾಸ್ತ್ರಜ್ಞರ ಎಣಿಕೆಯಲ್ಲಿ ಭಾಷೆಗಳ ಸಂಖ್ಯೆ ಅದರ ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. ಇವು ಬಹುಮಟ್ಟಿಗೆ ಎಲ್ಲವೂ ಬಾಂಟು ವರ್ಗಕ್ಕೆ ಸೇರಿದವು. ಆದರೂ ಒಂದನ್ನು ಬಲ್ಲವನು ಇನ್ನೊಂದನ್ನು ತಾನಾಗಿಯೇ ತಿಳಿಯಬಲ್ಲನೆಂದು ಹೇಳುವಂತಿಲ್ಲ.

ಈ ಭಾಷೆಗಳಲ್ಲಿ ಕೆಲವು ಮಾತ್ರ ಉಳಿದವುಗಳಿಗಿಂತ ಮೇಲೆ ಬಂದುವು. ಅದಕ್ಕೆ ಕಾರಣಗಳು ಒಂದೇ ಬಗೆಯವಲ್ಲ. ಪಶ್ಚಿಮದ ಬರೋಟ್ಸೆ ನಾಡಿನ ಲೋಜಿ ಭಾಷೆಯ ಕತೆ ಬಹು ಕುತೂಹಲಕರವಾದುದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣದಿಂದ ಬಂದ ಕೊಲೊಲೊ ಎಂಬ ಜನ ಆ ನಾಡನ್ನು ಗೆದ್ದು ಆಳಿದರು. ೧೮೬೪ರಲ್ಲಿ ಅವರ ಆಳ್ವಿಕೆ ನಾಶವಾಯಿತು. ಆದರೆ ಸೋತವರ ಭಾಷೆ ಗೆದ್ದವರ ನಾಲಗೆಯ ಮೇಲೆ ಉಳಿಯಿತು. ಅದು ದಕ್ಷಿಣದ ಸೋಥೊ ಭಾಷೆಗೆ ಹತ್ತಿರದ ಸಂಬಂಧಿ. ೧೮೮೦ರ ದಶಕದಲ್ಲಿ ಫ್ರಾನ್ಸ್ವ ಕೊಯ್ಯಾರ್ ಎಂಬ ಪಾದ್ರಿಯ ನಾಯಕತ್ವದಲ್ಲಿ ಪ್ಯಾರಿಸ್ ಮಿಷನ್ನಿನವರು ಅಲ್ಲಿಗೆ ಬಂದಾಗ, ಬಸುಟೊ ನಾಡಿನಲ್ಲಿ ತಾವು ಅದಾಗಲೇ ಅಚ್ಚು ಹಾಕಿಸಿದ್ದ ಸೋಥೊ ಪುಸ್ತಕಗಳನ್ನು ಇಲ್ಲಿಯೂ ಬಳಸುವುದು ಅವರಿಗೆ ಸಾಧ್ಯವಾಯಿತು. ಹೀಗೆ ಲೋಜಿಗೆ ಬರಹದ ಬಲ ಬೇಗನೆ ಒದಗಿತು.

ಪೂರ್ವದಲ್ಲಿ ನ್ಯಾಂಜ ಭಾಷೆಗೆ ನೆರೆಯ ನ್ಯಾಸಾಲ್ಯಾಂಡಿನ, ಎಂದರೆ ಇಂದಿನ ಮಲಾವಿಯ, ಮಿಷನ್ನುಗಳ ಪುಸ್ತಕಗಳೂ ಬೈಬಲ್ಲಿನ ಅನುವಾದವೂ ಆಧಾರವಾದುವು. ಪೊಲೀಸು ದಳದಲ್ಲಿಯೂ ಸೈನ್ಯದಲ್ಲಿಯೂ ಅದೇ ವ್ಯವಹಾರಭಾಷೆಯಾಯಿತು. ಉತ್ತರದ ಬೆಂಬ ಭಾಷೆಗೆ ಮಿಷನ್ನುಗಳ ಬೆಂಬಲದ ಜೊತೆಗೆ ತಾಮ್ರದ ಗಣಿಗಳ ಬೆಂಬಲವೂ ದೊರೆಯಿತು. ೧೯೨೦ರ ದಶಕದ ಕೊನೆಯಿಂದ ಗಣಿಪ್ರದೇಶದಲ್ಲಿ ಲುವಾನ್ಷ್ಯ, ಕಿಟ್ವೆ, ಮುಫುಲಿರ ಮುಂತಾದ ಊರುಗಳು ಬೆಳೆದಾಗ, ಅಲ್ಲಿಗೆ ಕೂಲಿಗಾಗಿ ಬಂದವರಲ್ಲಿ ಉತ್ತರದವರೇ ಬಹಳ. ಆದುದರಿಂದ ಬೇರೆ ಬೇರೆ ಮಾತಿನ ಕೂಲಿಗಾರರು ಒಬ್ಬರೊಡನೊಬ್ಬರು ಆಡುವ ಮಾತು ಬೆಂಬವೇ ಆಯಿತು. ದಕ್ಷಿಣದ ಟೊಂಗ ಭಾಷೆ ನಾಲ್ಕನೆಯದು.

ಈ ನಾಲ್ಕು ಭಾಷೆಗಳನ್ನೇ ಸರ್ಕಾರವು ಶಾಲೆಗಳಿಗಾಗಿ ಅಂಗೀಕರಿಸಿತು. ೧೯೩೬ರಲ್ಲಿ ಸರ್ಕಾರವು ಆಫ್ರಿಕದ ಓದುಗರಿಗಾಗಿ ಹೊರಡಿಸಿದ ‘ಮುಟೆಂಡೆ’ ಎಂಬ ಪತ್ರಿಕೆಯಲ್ಲಿಯೂ ಇಂಗ್ಲಿಷಿನ ಜೊತೆಗೆ ಇವೇ ನಾಲ್ಕು. ವಾಯವ್ಯ ಭಾಗದ ಕವೊಂಡೆ, ಲುಂಡ, ಲುವಾಲೆಗಳಿಗೆ ಈ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಬಾನುಲಿ ಬರುವುದಕ್ಕೆ ಮೊದಲೇ ಪಟ್ಟಿ ಸಿದ್ಧವಾಗಿದ್ದಿತೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

೩

೧೯೪೧ರಲ್ಲಿ ಉತ್ತರ ರೊಡೀಷಿಯ ಸರ್ಕಾರದ ವಾರ್ತಾ ಇಲಾಖೆಯು ಲುಸಾಕದಲ್ಲಿ ೩೦೦ ವಾಟಿನ ಒಂದು ಸಣ್ಣ ಪ್ರೇಷಕಯಂತ್ರವನ್ನು ನಡೆಸಲಾರಂಭಿಸಿತು. ಉದ್ದೇಶ ಯುದ್ಧಕ್ಕೆ ಸಂಬಂಧಿಸಿದ್ದು. ಉತ್ತರ ರೊಡೀಷಿಯ ದಳದ ಆಫ್ರಿಕದ ಸೈನಿಕರು ಸೊಮಾಲಿಲ್ಯಾಂಡಿನಲ್ಲಿಯೂ ಮಡಗಾಸ್ಕರಿನಲ್ಲಿಯೂ, ಮುಂದೆ ಬರ್ಮಾದಲ್ಲಿಯೂ ಹೋರಾಡಿದರು. ಅವರ ಮನೆಯವರಿಗೆ ಯುದ್ಧದ ಸಮಾಚಾರವನ್ನು ತಿಳಿಸಬೇಕಾಗಿತ್ತು. ಓದಲು ಬಾರದವರೇ ಹೆಚ್ಚಾಗಿದ್ದ ನಾಡಿನಲ್ಲಿ ಪತ್ರಿಕೆಯಿಂದ ಈ ಕೆಲಸ ಪೂರ್ತಿಯಾಗುವಂತಿರಲಿಲ್ಲ.

ವಾರ್ತಾ ಇಲಾಖೆಯ ಹ್ಯಾರಿ ಫ್ರ್ಯಾಂಕ್ಲಿನ್ ಎಂಬ ಅಧಿಕಾರಿಯು ಯುದ್ಧ ಮುಗಿದ ೧೯೪೫ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟನು. ಲುಸಾಕ ನಿಲಯವು ಬಿಳಿಯರಿಗಾಗಿ ಪ್ರಸಾರ ಮಾಡುವ ಗೊಡವೆಗೆ ಹೋಗದೆ, ಆಫ್ರಿಕದ ಜನರಿಗಾಗಿ ಅವರ ಭಾಷೆಗಳಲ್ಲಿ ಪ್ರಸಾರ ಮಾಡುವುದನ್ನೇ ತನ್ನ ಕಾರ್ಯವೆಂದು ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಉತ್ತರ ರೊಡೀಷಿಯವೊಂದರ ಬೊಕ್ಕಸಕ್ಕೆ ಇದು ಭಾರವಾದುದರಿಂದ ದಕ್ಷಿಣ ರೊಡೀಷಿಯವೂ ನ್ಯಾಸಾಲ್ಯಾಂಡೂ ಖರ್ಚಿನಲ್ಲಿ ಪಾಲುಗೊಂಡುವು; ಬ್ರಿಟನ್ನಿನ ವಸಾಹತು ಅಭಿವೃದ್ಧಿ ನಿಧಿಯಿಂದ ಬಂಡವಾಳ ಬಂದಿತು. ಹೀಗೆ ಸಿದ್ಧವಾದುದೇ ಸೆಂಟ್ರಲ್ ಆಫ್ರಿಕನ್ ಬ್ರಾಡ್‌ಕಾಸ್ಟಿಂಗ್ ಸ್ಟೇಷನ್. ದಕ್ಷಿಣ ರೊಡೀಷಿಯದ ಸಾಲ್ಸ್‌ಬರಿಯ ನಿಲಯವು ಬಿಳಿಯರಿಗೆ, ಲುಸಾಕದ ನಿಲಯವು ಕರಿಯರಿಗೆ ಎಂಬ ವರ್ಣವಿಭಾಗವೂ ಇದರಿಂದಲೇ ಸ್ಥಿರಪಟ್ಟಿತೆಂಬುದನ್ನು ಮರೆಯಲಾಗದು. ಆದರೆ ಇದೇ ವಿಭಾಗದ ಫಲವಾಗಿ ಒಂದು ನಿಲಯದ ಸಮಸ್ತ ಶ್ರಮವೂ ಆಫ್ರಿಕದ ಭಾಷೆಗಳಿಗೆ ಮೀಸಲಾಯಿತು.

ಯಾವ ಭಾಷೆಗಳು? ಶಾಲೆಯ ಪಟ್ಟಿಯಲ್ಲಿದ್ದ ಬೆಂಬ, ನ್ಯಾಂಜ, ಟೊಂಗ, ಲೋಜಿ. ದಕ್ಷಿಣ ರೊಡೀಷಿಯದ ಕೇಳುಗರಿಗಾಗಿ ಶೋನ ಮತ್ತು ಎನ್‌ಡೆಬೆಲೆ. ಇವುಗಳ ಜೊತೆಗೆ ಇಂಗ್ಲಿಷು. ನ್ಯಾಸಾಲ್ಯಾಂಡಿಗೆ ನ್ಯಾಂಜವೇ ಸಾಕಾಯಿತು. ಸುದ್ದಿಯನ್ನು ಅನುವಾದಿಸಬಲ್ಲವರು ಬೇಕು, ಅನುವಾದಕನಿಗೆ ಗೊತ್ತಾದ ಬರಹರೂಪ ಬೇಕು, ನಿಘಂಟು ಬೇಕು. ಇವೆಲ್ಲ ಮಿಷನ್ ಶಾಲೆಗಳಲ್ಲಿ ಓದಿದವರ ಭಾಷೆಗಳಲ್ಲಿ ಮಾತ್ರ ಸಿದ್ಧವಾಗಿದ್ದುವು. ಅನುಕೂಲವಿದ್ದ ಕಡೆಗೆ ಆಯ್ಕೆ ಹರಿಯಿತು. ಆಯ್ಕೆಯಾದ ಕಡೆಗೆ ಮತ್ತಷ್ಟು ಅನುಕೂಲ ಹರಿಯಿತು.

ಆದರೆ ಪ್ರಸಾರವಾದ ಮಾತನ್ನು ಕೇಳುವವರೆಲ್ಲಿ? ಆಡಳಿತ ಠಾಣೆಗಳಲ್ಲಿಯೂ ಗಣಿಯೂರುಗಳ ಸಭಾಭವನಗಳಲ್ಲಿಯೂ ಧ್ವನಿವರ್ಧಕಗಳನ್ನಿರಿಸಿ ಜನರನ್ನು ಗುಂಪುಗೂಡಿಸಿ ಕೇಳಿಸುವ ಪದ್ಧತಿಯಿದ್ದಿತು. ಮನೆಯಲ್ಲಿ ಕುಳಿತು ಕೇಳುವ ರೇಡಿಯೋ ಪೆಟ್ಟಿಗೆ ಆಫ್ರಿಕದ ಸಂಸಾರಕ್ಕೆ ನಿಲುಕುವ ವಸ್ತುವಾಗಿರಲಿಲ್ಲ. ಹಳ್ಳಿಗಳಲ್ಲಿ ವಿದ್ಯುತ್ತಿಲ್ಲ, ದೂರಪ್ರಸಾರಕ್ಕೆ ಹ್ರಸ್ವತರಂಗವೇ ಗತಿ, ಆ ತರಂಗವನ್ನು ಹಿಡಿಯುವ ಯಂತ್ರಗಳಿಗೆ ಬೆಲೆ ಹೆಚ್ಚು. ಫ್ರ್ಯಾಂಕ್ಲಿನ್ ಬ್ರಿಟನ್ನಿನ ತಯಾರಕರ ಬಾಗಿಲುಗಳನ್ನು ತಟ್ಟಿದನು. ಕೊನೆಗೆ ಎವರ್‌ರೆಡಿ ಕಂಪನಿಯವರು ಒಪ್ಪಿಕೊಂಡರು. ೧೯೪೯ರಲ್ಲಿ ಬಂದ ಆ ಯಂತ್ರದಲ್ಲಿ ನಾಲ್ಕು ವಾಲ್ವುಗಳಿದ್ದುವು. ಒಲೆಯ ಮೇಲಿಡುವ ಹಿಡಿಪಾತ್ರೆಯ ಅಚ್ಚಿನಲ್ಲೇ ಮಾಡಿದ, ಹಿಡಿಯಿಲ್ಲದ ದುಂಡನೆಯ ಲೋಹದ ಕವಚ ಅದಕ್ಕೆ. ಆ ಕಾರಣದಿಂದ ಅದಕ್ಕೆ ‘ಸಾಸ್‌ಪ್ಯಾನ್ ಸ್ಪೆಷಲ್’ ಎಂಬ ಹೆಸರಾಯಿತು. ಬೆಲೆ ಐದು ಪೌಂಡು. ಬೇರೆಯಾಗಿ ಕೊಳ್ಳಬೇಕಾದ ಬ್ಯಾಟರಿಗೆ ಒಂದು ಪೌಂಡು ಐದು ಷಿಲಿಂಗು. ಒಂದು ಬ್ಯಾಟರಿ ಸುಮಾರು ೩೦೦ ಗಂಟೆ ಬರುತ್ತಿದ್ದಿತು. ಗಣಿಯ ಸಾಮಾನ್ಯ ಕೂಲಿಗಾರನಿಗೆ ಇದು ಸಣ್ಣ ಮೊತ್ತವಲ್ಲ, ಆದರೂ ಕೊಂಡರು. ಒಂದು ಮನೆಯ ಪೆಟ್ಟಿಗೆಯ ಸುತ್ತ ನೆರೆಹೊರೆಯವರೆಲ್ಲ ಕೂಡುತ್ತಿದ್ದರು.

‘ವಯರ್‌ಲೆಸ್’ ಎಂಬ ಇಂಗ್ಲಿಷ್ ಪದವು ಬೆಂಬರ ಬಾಯಲ್ಲಿ ‘ವಯಲೇಶಿ’ಯಾಯಿತು. ಬೆಂಬದಲ್ಲಿ ಪ್ರತಿ ಪದವೂ ಸ್ವರದಲ್ಲಿ ಮುಗಿಯಬೇಕು. ನಮ್ಮಲ್ಲಿ ‘ಬಸ್’ ಎಂಬುದು ‘ಬಸ್ಸು’ ಆದ ಹಾಗೆಯೇ ಇದೂ. ಪರಕೀಯವಾದ ಯಂತ್ರ ಕೆಲವೇ ವರ್ಷಗಳಲ್ಲಿ ಮನೆಯ ಮಾತಿನ ಲಯಕ್ಕೆ ಒಗ್ಗಿತೆಂಬುದಕ್ಕೆ ಇದು ಸಾಕ್ಷಿ.

೪

ಲುಸಾಕ ನಿಲಯದ ಕಾರ್ಯಕ್ರಮಗಳಲ್ಲಿ ಸುದ್ದಿ, ಕೃಷಿ ಮತ್ತು ಆರೋಗ್ಯ ವಿಷಯದ ಭಾಷಣ, ನಾಟಕ, ಸಂಗೀತ, ಕೇಳುಗರ ಪತ್ರ ಇವೆಲ್ಲವೂ ಇದ್ದುವು. ಊರುಬಿಟ್ಟು ಗಣಿಗೆ ಬಂದವನ ಕ್ಷೇಮಸಮಾಚಾರ ಹಳ್ಳಿಯಲ್ಲಿರುವ ಬಂಧುಗಳಿಗೆ ಬಾನುಲಿಯ ಮೂಲಕ ಮುಟ್ಟುತ್ತಿದ್ದಿತು. ನಿಲಯದವರು ಧ್ವನಿಮುದ್ರಣ ಯಂತ್ರದೊಡನೆ ಹಳ್ಳಿಹಳ್ಳಿಗೂ ಹೋಗಿ ಹಾಡುಗಳನ್ನು ಸಂಗ್ರಹಿಸಿದರು. ತನ್ನ ಊರಿನ ಹಾಡನ್ನು ಪೆಟ್ಟಿಗೆಯೊಳಗಿನಿಂದ ಕೇಳಿದವನಿಗೆ ಆ ಪೆಟ್ಟಿಗೆಯ ವಿಷಯದಲ್ಲಿ ಹುಟ್ಟುವ ಭಾವವನ್ನು ಸರ್ಕಾರದ ಭಾಷಣಗಳು ಎಂದಿಗೂ ಹುಟ್ಟಿಸಲಾರವು.

ನಿಲಯದ ಆಫ್ರಿಕದ ಉದ್ಘೋಷಕರಲ್ಲಿ ಆಲಿಕ್ ಎನ್‌ಕಾಟನ ಹೆಸರು ಮುಖ್ಯವಾದುದು. ಬರ್ಮಾದ ಯುದ್ಧರಂಗದಲ್ಲಿ ಸೈನಿಕನಾಗಿದ್ದ ಈತನು, ಆಫ್ರಿಕದ ಸಂಗೀತವನ್ನು ಸಂಗ್ರಹಿಸುತ್ತಿದ್ದ ಹ್ಯೂ ಟ್ರೇಸಿಯ ಜೊತೆಯಲ್ಲಿ ಕೆಲಸ ಮಾಡಿ, ಅನಂತರ ಲುಸಾಕ ನಿಲಯವನ್ನು ಸೇರಿದನು. ಹಳ್ಳಿಯ ಧಾಟಿಯನ್ನೂ ನಗರದ ಗಿಟಾರನ್ನೂ ಕೂಡಿಸಿ ಬೆಂಬ, ನ್ಯಾಂಜ ಭಾಷೆಗಳಲ್ಲಿ ಹಾಡಿದನು. ಗಣಿಯೂರಿನ ಹೊಸ ಬಾಳು ಆ ಹಾಡುಗಳ ವಸ್ತು. ೧೯೭೮ರಲ್ಲಿ ರೊಡೀಷಿಯದ ಸೈನ್ಯವು ಜಾಂಬಿಯದೊಳಗೆ ನಡೆಸಿದ ದಾಳಿಯೊಂದರಲ್ಲಿ ಅವನು ಮಡಿದನು.

ಅಮೆರಿಕದ ಮಾನವಶಾಸ್ತ್ರಜ್ಞೆ ಹೋರ್ಟೆನ್ಸ್ ಪೌಡರ್‌ಮೇಕರ್ ಅವರು ೧೯೫೩-೫೪ರಲ್ಲಿ ಲುವಾನ್ಷ್ಯದಲ್ಲಿ ನಿಂತು ಗಣಿ ಕಾರ್ಮಿಕರ ಜೀವನವನ್ನು ಅಧ್ಯಯನ ಮಾಡಿದರು. ೧೯೬೨ರಲ್ಲಿ ಪ್ರಕಟವಾದ ಅವರ ‘ಕಾಪರ್ ಟೌನ್’ ಎಂಬ ಗ್ರಂಥದಲ್ಲಿ ಬಾನುಲಿಗೂ ಅದರ ಕೇಳುಗರಿಗೂ ವಿಸ್ತಾರವಾದ ಸ್ಥಾನ ದೊರೆತಿದೆ. ಓದುಬರಹವಿಲ್ಲದವನನ್ನು ಕೂಡ ದೂರದ ಲೋಕದ ಸಮಾಚಾರಕ್ಕೆ ಪಾಲುಗಾರನನ್ನಾಗಿ ಮಾಡುವ ಸಾಧನ ಅಂದು ಬೇರೊಂದಿರಲಿಲ್ಲ.

ಇಷ್ಟು ಆದರಣೆಗೆ ಪಾತ್ರವಾದ ನಿಲಯವು ಕೆಲವೇ ವರ್ಷಗಳಲ್ಲಿ ಕಠಿಣವಾದ ಪರೀಕ್ಷೆಗೆ ಒಳಗಾಯಿತು. ಉತ್ತರ ರೊಡೀಷಿಯ, ದಕ್ಷಿಣ ರೊಡೀಷಿಯ, ನ್ಯಾಸಾಲ್ಯಾಂಡುಗಳನ್ನು ಸೇರಿಸಿ ಒಂದು ಒಕ್ಕೂಟವನ್ನು ರಚಿಸುವ ಯೋಜನೆ ೧೯೫೧ರಿಂದ ಮುಂದೆ ಬಲಗೊಂಡಿತು. ದಕ್ಷಿಣ ರೊಡೀಷಿಯವು ಬಿಳಿಯ ನೆಲಸಿಗರ ಅಧಿಕಾರದಲ್ಲಿದ್ದ ನಾಡು. ಅಲ್ಲಿನ ೧೯೩೦ರ ಭೂವಿಭಜನಾ ಶಾಸನವು ಒಳ್ಳೆಯ ನೆಲವನ್ನು ಬಿಳಿಯರಿಗೆ ಮೀಸಲಾಗಿಟ್ಟಿದ್ದಿತು. ಒಕ್ಕೂಟವಾದರೆ ತಮ್ಮ ಭೂಮಿಗೂ ಅದೇ ಗತಿಯೆಂದು ಉತ್ತರದ ಜನ ಭಯಪಟ್ಟರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಹ್ಯಾರಿ ಎನ್‌ಕುಂಬುಲ ೧೯೫೩ರಲ್ಲಿ ಒಕ್ಕೂಟದ ಶ್ವೇತಪತ್ರವನ್ನು ಬಹಿರಂಗವಾಗಿ ಸುಟ್ಟನು.

ಲುಸಾಕ ನಿಲಯವಾದರೋ ಸರ್ಕಾರದ ಇಲಾಖೆ. ಒಕ್ಕೂಟದ ಯೋಜನೆಯನ್ನು ಜನರಿಗೆ ವಿವರಿಸುವ ಹೊಣೆ ಅದರ ಮೇಲೆ ಬಿದ್ದಿತು. ಅದು ಜನರ ಭಾಷೆಗಳಲ್ಲಿಯೇ, ಜನರು ಮೆಚ್ಚಿದ ಉದ್ಘೋಷಕರ ಬಾಯಿಂದಲೇ ಮಾತನಾಡಿತು. ಆದರೆ ಈ ಸಲ ಜನ ನಂಬಲಿಲ್ಲ. ಆಗ ಅಲ್ಲಿ ಕೆಲಸದಲ್ಲಿದ್ದ ಪೀಟರ್ ಫ್ರೆಂಕೆಲ್ ಎಂಬವರು ೧೯೫೯ರಲ್ಲಿ ‘ವಯಲೇಶಿ’ ಎಂಬ ಹೆಸರಿನಿಂದಲೇ ಪ್ರಕಟಿಸಿದ ಸ್ಮೃತಿಗ್ರಂಥವು ಆ ದಿನಗಳ ಚಿತ್ರವನ್ನು ಕೊಡುತ್ತದೆ. ೧೯೫೨ರ ಸುಮಾರಿಗೆ, ಆಫ್ರಿಕದವರಿಗೆ ಮಾರುವ ಸಕ್ಕರೆಯಲ್ಲಿ ಅವರ ಮನಸ್ಸಿನ ವಿರೋಧವನ್ನು ಮೆತ್ತಗೆ ಮಾಡುವ ಮದ್ದು ಬೆರೆಸಿದ್ದಾರೆಂಬ ವದಂತಿ ಹರಡಿತು. ಜನರನ್ನು ಹಿಡಿದು ಮಾರುವ ಅಥವಾ ಅವರ ರಕ್ತ ಹೀರುವ ‘ಬನ್ಯಾಮ’ರೆಂಬ ಹಳೆಯ ಭೀತಿಯೂ ಜೊತೆಗೂಡಿತು. ಬಾನುಲಿಯವರೂ ಅಂಥವರ ಕೂಟಕ್ಕೆ ಸೇರಿದವರೆಂದು ಜನ ಶಂಕಿಸಿದರು.

ಈ ವದಂತಿಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಚರಿತ್ರಕಾರನಿಗೆ ಅದು ತಕ್ಕ ಮಾರ್ಗವಲ್ಲ. ಸಕ್ಕರೆಯಲ್ಲಿ ಮದ್ದಿಲ್ಲವೆಂಬುದು ನಿಜ. ಆದರೆ ತಮ್ಮ ಒಪ್ಪಿಗೆಯಿಲ್ಲದೆಯೇ ತಮ್ಮ ಭವಿಷ್ಯವನ್ನು ನಿರ್ಣಯಿಸುತ್ತಿದ್ದಾರೆ, ಆಮೇಲೆ ಆ ಒಪ್ಪಿಗೆಯನ್ನು ಸಿಹಿ ಮಾತಿನಿಂದ ಹೊರಡಿಸಲು ನೋಡುತ್ತಿದ್ದಾರೆ ಎಂಬ ಜನರ ಅನಿಸಿಕೆ ಸುಳ್ಳಾಗಿರಲಿಲ್ಲ. ವದಂತಿಯು ಆ ಅನಿಸಿಕೆಗೆ ಒಂದು ಆಕಾರವನ್ನು ಕೊಟ್ಟಿತು. ಎರಡು ಕಡೆಯ ನಡುವೆ ಸಿಕ್ಕಿದವರು ಆಫ್ರಿಕದ ಉದ್ಘೋಷಕರು. ಅವರ ಭಾಷೆ, ಧ್ವನಿ, ಉಚ್ಚಾರಣೆ ಯಾವುದೂ ಬದಲಾಗಿರಲಿಲ್ಲ. ಆ ಧ್ವನಿಯ ಹಿಂದೆ ನಿಂತಿರುವವರು ಯಾರು ಎಂಬ ಪ್ರಶ್ನೆಯೊಂದು ಮಾತ್ರ ಹೊಸದಾಗಿ ಎದ್ದಿತ್ತು. ನಮ್ಮ ಎರಡನೆಯ ಪ್ರತಿಪಾದನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಜನರ ವಿರೋಧವನ್ನು ಲೆಕ್ಕಿಸದೆ ೧೯೫೩ರಲ್ಲಿ ಒಕ್ಕೂಟ ಸ್ಥಾಪಿತವಾಯಿತು. ೧೯೫೮ರಲ್ಲಿ ಸಾಲ್ಸ್‌ಬರಿಯಲ್ಲಿ ಕೇಂದ್ರವಿದ್ದ ಫೆಡರಲ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಲುಸಾಕ ನಿಲಯವನ್ನು ತನ್ನೊಳಗೆ ಸೇರಿಸಿಕೊಂಡಿತು. ೧೯೬೩ರ ಡಿಸೆಂಬರ್ ೩೧ರಂದು ಒಕ್ಕೂಟವೇ ವಿಸರ್ಜನೆಯಾಯಿತು.

೫

೧೯೬೪ರ ಅಕ್ಟೋಬರ್ ೨೪ರಂದು ಕೆನ್ನೆತ್ ಕೌಂಡ ಅವರ ಅಧ್ಯಕ್ಷತೆಯಲ್ಲಿ ಜಾಂಬಿಯ ಸ್ವತಂತ್ರವಾಯಿತು. ಬಾನುಲಿಗೆ ಜಾಂಬಿಯ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಎಂಬ ಹೆಸರಾಯಿತು. ಆದರೆ ೧೯೬೬ರಲ್ಲಿ ಆ ನಿಗಮವನ್ನು ರದ್ದುಪಡಿಸಿ, ಜಾಂಬಿಯ ಬ್ರಾಡ್‌ಕಾಸ್ಟಿಂಗ್ ಸರ್ವಿಸಸ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ನೇರವಾಗಿ ಸರ್ಕಾರದ ಇಲಾಖೆಯನ್ನಾಗಿ ಮಾಡಲಾಯಿತು. ಆಗಿನ ಸಂದರ್ಭವನ್ನು ಇಲ್ಲಿ ನೆನೆಯಬೇಕು. ೧೯೬೫ರ ನವೆಂಬರ್ ೧೧ರಂದು ದಕ್ಷಿಣದ ನೆರೆಯಲ್ಲಿ ಬಿಳಿಯರ ಸರ್ಕಾರವು ಏಕಪಕ್ಷೀಯವಾಗಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿದ್ದಿತು. ಸುತ್ತಲಿನ ಹಲವು ನಾಡುಗಳಲ್ಲಿ ಇನ್ನೂ ಪರರ ಅಥವಾ ಬಿಳಿಯ ಅಲ್ಪಸಂಖ್ಯಾತರ ಆಳ್ವಿಕೆ. ಲುಸಾಕದ ಬಾನುಲಿಯು ಮುಂದೆ ದಕ್ಷಿಣ ಆಫ್ರಿಕ, ನಮೀಬಿಯ, ಜಿಂಬಾಬ್ವೆಗಳ ವಿಮೋಚನಾ ಚಳುವಳಿಗಳಿಗೆ ತನ್ನ ತರಂಗಗಳಲ್ಲಿ ಅವಕಾಶವನ್ನಿತ್ತಿತು. ಜನತೆಗೆ ವಿರೋಧವಾಗಿ ನಿಂತಿದ್ದ ಧ್ವನಿಯೇ ಈಗ ವಿಮೋಚನೆಯ ಧ್ವನಿಯಾಯಿತೆಂಬುದು ಗೌರವಕ್ಕೆ ಅರ್ಹವಾದ ಸಂಗತಿ. ಆದರೆ ಅದು ಸರ್ಕಾರದ ಧ್ವನಿಯಾಗಿಯೇ ಉಳಿಯಿತೆಂಬುದೂ ಅಷ್ಟೇ ನಿಜ.

ಹೊಸ ರಾಷ್ಟ್ರದ ಘೋಷಣೆ ‘ಒಂದು ಜಾಂಬಿಯ, ಒಂದು ರಾಷ್ಟ್ರ’. ಶಾಲೆಗಳಲ್ಲಿ ೧೯೬೬ರ ಹೊತ್ತಿಗೆ ಮೊದಲ ತರಗತಿಯಿಂದಲೇ ಇಂಗ್ಲಿಷನ್ನು ಬೋಧನಮಾಧ್ಯಮವನ್ನಾಗಿ ಮಾಡುವ ನೀತಿ ಬಂದಿತು. ಯಾವ ಬುಡಕಟ್ಟಿಗೂ ಸೇರದ ಭಾಷೆಯಾದುದರಿಂದ ಇಂಗ್ಲಿಷಿನ ವಿಷಯದಲ್ಲಿ ಯಾರಿಗೂ ಅಸೂಯೆಯಿಲ್ಲವೆಂಬುದು ಅದರ ಹಿಂದಿನ ವಿಚಾರ. ಬಾನುಲಿಯು ಮಾತ್ರ ಈ ದಾರಿಯನ್ನು ಪೂರ್ತಿಯಾಗಿ ಹಿಡಿಯಲಾರದಾಯಿತು. ಏಕೆಂದರೆ ಇಂಗ್ಲಿಷು ಬಾರದವನಿಗೂ ಅದು ಮಾತನಾಡಬೇಕಾಗಿತ್ತು. ಶೋನ, ಎನ್‌ಡೆಬೆಲೆಗಳು ಗಡಿಯಾಚೆಗೆ ಹೋದುವು. ಹಳೆಯ ನಾಲ್ಕಕ್ಕೆ ವಾಯವ್ಯದ ಕವೊಂಡೆ, ಲುಂಡ, ಲುವಾಲೆಗಳು ಸೇರಿ ಏಳಾದುವು. ಏಳು ದೇಶಭಾಷೆಗಳು ಮತ್ತು ಇಂಗ್ಲಿಷು ಎಂಬ ಈ ಪಟ್ಟಿಯು ಅಲ್ಲಿಂದಾಚೆಗೆ ಸ್ಥಿರವಾಗಿ ನಿಂತಿತು.

ಏಳು ಭಾಷೆಗಳೂ ಒಂದೇ ಮಟ್ಟದಲ್ಲಿರಲಿಲ್ಲ. ಹೊತ್ತಿನ ಹಂಚಿಕೆಯಲ್ಲಿ ಬೆಂಬ, ನ್ಯಾಂಜಗಳಿಗೆ ಅಗ್ರಸ್ಥಾನ. ಟೊಂಗ, ಲೋಜಿಗಳಿಗೆ ಎರಡನೆಯ ಸ್ಥಾನ. ವಾಯವ್ಯದ ಮೂರಕ್ಕೆ ಕೊನೆಯದು. ಜಾಂಬಿಯದ ಬಾನುಲಿಯನ್ನು ಕುರಿತು ದೀರ್ಘಕಾಲ ಸಂಶೋಧನೆ ಮಾಡಿದ ಡೆಬ್ರ ಸ್ಪಿಟುಲ್ನಿಕ್ ಅವರು ಈ ಹಂಚಿಕೆಯ ಶ್ರೇಣಿಯನ್ನೂ ಅದರ ರಾಜಕೀಯಾರ್ಥವನ್ನೂ ವಿವರವಾಗಿ ತೋರಿಸಿದ್ದಾರೆ. ತುಂಬುಕ, ಮಾಂಬ್ವೆ, ಲೆಂಜೆ, ಎನ್‌ಸೆಂಗ ಮೊದಲಾದ ಭಾಷೆಗಳನ್ನಾಡುವವರಿಗೆ ಈ ಏಳರಲ್ಲಿ ಸ್ಥಾನವೇ ಇಲ್ಲ. ತುಂಬುಕ ಮಾತಿನವನು ತನಗೆ ಹತ್ತಿರವಿರುವ ನ್ಯಾಂಜವನ್ನೂ, ಮಾಂಬ್ವೆಯವನು ಬೆಂಬವನ್ನೂ ಕೇಳಬೇಕು. ಕಾಲಕ್ರಮದಲ್ಲಿ ಅವನು ಸರ್ಕಾರಿ ಲೆಕ್ಕದಲ್ಲಿ ಆ ದೊಡ್ಡ ಭಾಷೆಯ ಪ್ರದೇಶದವನೆಂದೇ ಎಣಿಸಲ್ಪಡುತ್ತಾನೆ.

ಇಲ್ಲಿ ಒಂದು ಹೋಲಿಕೆ ಉಪಯುಕ್ತವಾದೀತು. ದಕ್ಷಿಣ ಆಫ್ರಿಕದ ಪ್ರಸಾರ ನಿಗಮವು ೧೯೩೬ರಲ್ಲಿ ಹುಟ್ಟಿತು. ಅದು ೧೯೬೦ರ ದಶಕದಲ್ಲಿ ‘ರೇಡಿಯೋ ಬಾಂಟು’ ಎಂಬ ಹೆಸರಿನಿಂದ ಜೂಲು, ಖೋಸ, ಸೋಥೊ ಮುಂತಾದ ಭಾಷೆಗಳಿಗೆ ಪ್ರತ್ಯೇಕ ಸೇವೆಗಳನ್ನು ಬೆಳೆಸಿತು. ಪ್ರತಿ ಜನಾಂಗವೂ ತನ್ನ ಪ್ರತ್ಯೇಕ ನೆಲೆಯಲ್ಲಿಯೇ ಇರಬೇಕೆಂಬ ವರ್ಣಭೇದ ನೀತಿಗೆ ಇದು ಸಾಧನವಾಗಿದ್ದಿತು. ಅಲ್ಲಿ ಪ್ರತಿಯೊಂದು ಭಾಷೆಗೂ ಹೊತ್ತು ಯಥೇಚ್ಛ. ಆದರೆ ಭಾಷೆಗಳ ನಡುವೆ ಗೋಡೆ. ಜಾಂಬಿಯದಲ್ಲಿಯಾದರೋ ಏಳು ಭಾಷೆಗಳೂ ಒಂದೇ ವಾಹಿನಿಯಲ್ಲಿ ಸರದಿಯ ಮೇಲೆ ಬರುತ್ತಿದ್ದುವು. ತನ್ನ ಭಾಷೆಯ ಸರದಿಗಾಗಿ ಕಾಯುವವನು ನೆರೆಯವನ ಭಾಷೆಯ ಸುದ್ದಿಯನ್ನೂ ಹಾಡನ್ನೂ ಕೇಳುತ್ತಿದ್ದನು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು ಸಾಮಾನ್ಯವಾಗಿರುವ ನಾಡಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಇಲ್ಲಿ ಗೋಡೆಯಿಲ್ಲದಿದ್ದರೂ ಹೊತ್ತಿಗೆ ಬರ. ಒಬ್ಬರ ಹತ್ತು ನಿಮಿಷ ಹೆಚ್ಚಾದರೆ ಇನ್ನೊಬ್ಬರದು ಕಡಮೆಯಾಗಲೇಬೇಕು. ಆದುದರಿಂದ ವೇಳಾಪಟ್ಟಿಯೇ ವ್ಯಾಜ್ಯದ ವಸ್ತುವಾಯಿತು.

ಚರಿತ್ರೆಯ ವಿಚಿತ್ರವೆಂದರೆ, ೧೯೯೪ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ಆಳ್ವಿಕೆ ಕೊನೆಗೊಂಡು, ೧೯೯೬ರ ಸಂವಿಧಾನವು ಹನ್ನೊಂದು ಭಾಷೆಗಳಿಗೆ ಅಧಿಕೃತ ಸ್ಥಾನವನ್ನು ಕೊಟ್ಟಾಗ, ಒಡೆಯುವುದಕ್ಕೆಂದು ಕಟ್ಟಿದ್ದ ಆ ಪ್ರತ್ಯೇಕ ಸೇವೆಗಳೇ ಹೊಸ ವ್ಯವಸ್ಥೆಗೆ ಆಧಾರಸ್ತಂಭಗಳಾದುವು. ಹಳೆಯ ಜೂಲು ಸೇವೆಯ ಉತ್ತರಾಧಿಕಾರಿಯಾದ ಉಕೋಜಿ ಎಫ್.ಎಂ. ಆ ದೇಶದ ಅತ್ಯಂತ ಹೆಚ್ಚು ಕೇಳುಗರುಳ್ಳ ನಿಲಯಗಳ ಸಾಲಿಗೆ ಸೇರಿತು. ಒಂದು ವ್ಯವಸ್ಥೆ ಯಾವ ಉದ್ದೇಶದಿಂದ ಹುಟ್ಟಿತೆಂಬುದರಿಂದಲೇ ಅದರ ಮುಂದಿನ ಗುಣವನ್ನು ನಿರ್ಣಯಿಸಲಾಗದೆಂಬುದನ್ನು ನಾವು ಇದರಿಂದ ತಿಳಿಯುತ್ತೇವೆ.

೬

ಮುಂದಿನ ಘಟನೆಗಳನ್ನು ಸಂಗ್ರಹವಾಗಿ ಹೇಳಬಹುದು. ೧೯೮೭ರ ಶಾಸನದಿಂದ ಇಲಾಖೆಯು ಮತ್ತೆ ನಿಗಮದ ರೂಪವನ್ನು ತಳೆದು ಜಾಂಬಿಯ ನ್ಯಾಷನಲ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಆಯಿತು. ೧೯೯೧ರಲ್ಲಿ ಬಹುಪಕ್ಷ ಚುನಾವಣೆ ನಡೆದು ಕೌಂಡ ಅವರ ಪಕ್ಷ ಅಧಿಕಾರವನ್ನು ಕಳೆದುಕೊಂಡಿತು. ೧೯೯೩ರ ನಿಯಮಗಳು ಖಾಸಗಿ ನಿಲಯಗಳಿಗೆ ಬಾಗಿಲು ತೆರೆದುವು. ಆ ದಶಕದಲ್ಲಿಯೂ ಮುಂದೆಯೂ ಸಣ್ಣ ಊರುಗಳಲ್ಲಿ ಸಮುದಾಯ ನಿಲಯಗಳು ಹುಟ್ಟಿಕೊಂಡು, ಅವುಗಳಲ್ಲಿ ಕೆಲವು ರಾಷ್ಟ್ರೀಯ ವಾಹಿನಿಯಲ್ಲಿ ಎಡೆಯಿಲ್ಲದ ಮಾತುಗಳಿಗೂ ಎಡೆಗೊಟ್ಟುವು. ೨೦೦೨ರಲ್ಲಿ ರಾಷ್ಟ್ರೀಯ ನಿಗಮವನ್ನು ಸರ್ಕಾರದ ಹಿಡಿತದಿಂದ ಬಿಡಿಸಿ ಸಾರ್ವಜನಿಕ ಸಂಸ್ಥೆಯನ್ನಾಗಿ ಮಾಡುವ ಉದ್ದೇಶದ ತಿದ್ದುಪಡಿ ಶಾಸನವಾಯಿತು. ಆಡಳಿತ ಮಂಡಳಿಗೆ ಸದಸ್ಯರನ್ನು ಹೆಸರಿಸುವ ಅಧಿಕಾರ ಯಾರದೆಂಬ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ೧೯೫೨ರಲ್ಲಿ ಗಣಿಯೂರಿನ ಕೇಳುಗರು ವದಂತಿಯ ರೂಪದಲ್ಲಿ ಕೇಳಿದ ಪ್ರಶ್ನೆಯನ್ನೇ ಈಗ ವಕೀಲರು ಶಾಸನದ ಭಾಷೆಯಲ್ಲಿ ಕೇಳಿದರು: ಈ ಧ್ವನಿ ಯಾರದು?

ಭಾಷೆಗಳ ಪಟ್ಟಿಯಾದರೋ ಕದಲಲಿಲ್ಲ. ೨೦೧೪ರಲ್ಲಿ ಪ್ರಾಥಮಿಕ ಶಾಲೆಯ ಮೊದಲ ನಾಲ್ಕು ತರಗತಿಗಳಲ್ಲಿ ದೇಶಭಾಷೆಗಳಲ್ಲಿ ಬೋಧಿಸುವ ನೀತಿಯು ಜಾರಿಗೆ ಬಂದಾಗ, ಅದಕ್ಕೆ ಆಧಾರವಾದುದು ಇದೇ ಏಳು ಭಾಷೆಗಳು. ಮಿಷನ್ನಿನ ಮುದ್ರಣಾಲಯದಿಂದ ಶಾಲೆಗೆ, ಶಾಲೆಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಬಾನುಲಿಗೆ ಬಂದ ಪಟ್ಟಿಯು ಅಷ್ಟು ದೂರ ಸುತ್ತಿ ಮತ್ತೆ ಶಾಲೆಗೇ ಬಂದಿತು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅಧಿಕಾರಿಗಳು ತಮ್ಮ ಕಾಲದ ಅನುಕೂಲವನ್ನಷ್ಟೇ ನೋಡಿದರು. ಆ ಅನುಕೂಲಗಳೆಲ್ಲ ಒಟ್ಟುಗೂಡಿ ಒಂದು ರಾಷ್ಟ್ರದ ಭಾಷಾಭೂಪಟವೇ ಆಗಿಬಿಟ್ಟಿತು.

ಇದನ್ನು ಕೇವಲ ಅನ್ಯಾಯದ ಕತೆಯೆಂದು ಬಗೆಯುವುದು ಸರಿಯಲ್ಲ. ಎಪ್ಪತ್ತು ಮಾತುಗಳಲ್ಲಿ ಒಂದೇ ಬಾನುಲಿ ಮಾತನಾಡಲಾರದು. ಏಳರಲ್ಲಿ ಮಾತನಾಡಿದುದೇ ಅಂದಿನ ಸಾಧನಗಳಿಗೆ ಮೀರಿದ ಸಾಧನೆ. ಲುಸಾಕ ನಿಲಯವಿಲ್ಲದಿದ್ದರೆ ಎಷ್ಟೋ ಹಾಡುಗಳು ಉಳಿಯುತ್ತಿರಲಿಲ್ಲ. ಎಷ್ಟೋ ಭಾಷೆಗಳಿಗೆ ಸುದ್ದಿಯ ಗದ್ಯವೆಂಬ ಹೊಸ ಶೈಲಿ ಲಭಿಸುತ್ತಿರಲಿಲ್ಲ. ಆದರೆ ಆಯ್ಕೆ ಅನಿವಾರ್ಯವಾದ ಮಾತ್ರಕ್ಕೆ ಆಯ್ಕೆಯಾದ ಪಟ್ಟಿ ಪ್ರಕೃತಿಸಿದ್ಧವಾದುದೆಂದು ಭಾವಿಸಬಾರದು. ಅದನ್ನು ಯಾವ ಕಾಲದಲ್ಲಿ, ಯಾರು, ಯಾವ ಕಾರಣಕ್ಕಾಗಿ ಮಾಡಿದರೆಂಬುದನ್ನು ತಿಳಿದರೆ ಮಾತ್ರ ಅದನ್ನು ತಿದ್ದುವ ಅಥವಾ ಹಿಗ್ಗಿಸುವ ಮಾರ್ಗ ತೋರುತ್ತದೆ. ಬಾನುಲಿಯು ಜನರ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು ವಸಾಹತು ಸರ್ಕಾರವೂ ಒಪ್ಪಿಕೊಂಡಿದ್ದಿತು. ಆ ಭಾಷೆಯಲ್ಲಿ ಜನರೇ ಮಾತನಾಡುವಂತಾಗಬೇಕೆಂಬುದು ಅದಕ್ಕಿಂತ ಕಷ್ಟವಾದ ಕಾರ್ಯ. ಜಾಂಬಿಯದ ಬಾನುಲಿಯ ಚರಿತ್ರೆಯು ಈ ಎರಡರ ನಡುವಣ ಅಂತರವನ್ನು ಅಳೆಯಲು ನಮಗೆ ದೊರೆತಿರುವ ಒಂದು ಒಳ್ಳೆಯ ಮಾನದಂಡವಾಗಿದೆ.